ನಿಲ್ಲುವುದನ್ನು ಯಾರೂ ಕೇಳಲಿಲ್ಲ

ಹೆಸರುಕಾಳಿನ ಹೊಟ್ಟಿನ ವಾಸನೆ ಬಂದರೆ ಈಗಲೂ ನನ್ನ ಎರಡೂ ಪಾದಗಳು ತಾವಾಗಿಯೇ ನೆಲ ಹುಡುಕುತ್ತವೆ. ಕುರ್ಚಿಯ ಮೇಲೆ ಕೂತಿದ್ದರೂ ಅಷ್ಟೇ. ಒಂಬತ್ತನೆಯ ತರಗತಿಗೆ ವಿಜ್ಞಾನ ಹೇಳುವವಳಿಗೆ ಇದು ಶೋಭೆಯಲ್ಲ, ಗೊತ್ತು. ಆದರೆ ಹೆದರಿಕೆ ಹೋಗಿಲ್ಲ. ಸಿಟ್ಟಂತೂ ಇಳಿದೇ ಇಲ್ಲ.

ಮೊರಬದಲ್ಲಿರುವ ನನ್ನ ಅಣ್ಣ ಬಸಣ್ಣ ಅಗ್ಗದ ಎಲೆಕ್ಟ್ರಿಕ್ ಬೈಕೊಂದನ್ನು ಕೊಂಡಿದ್ದ. ಪಾಪದ ಗಾಡಿ. ಮೂವತ್ತರ ಮೇಲೆ ಓಡುತ್ತಿರಲಿಲ್ಲ; ಎದುರುಗಾಳಿ ಇದ್ದರೆ ಎಮ್ಮೆಗಳೂ ಅದನ್ನು ಹಿಂದೆ ಹಾಕುತ್ತಿದ್ದವು. ಕಟ್ಟೆಯ ಮೇಲಿನವರು, "ಬಸಣ್ಣಾ, ಇಳದ ದಬ್ಬೋ, ಲಗೂನ ಮುಟ್ಟತಿ" ಎಂದು ನಗುತ್ತಿದ್ದರು. ಮಾನ ಉಳಿಸಿಕೊಳ್ಳಲು ಅವನು ಅಣ್ಣಿಗೇರಿಗೆ ಹೋಗಿ ಒಬ್ಬ ಮಿಸ್ತ್ರಿಯಿಂದ ದೊಡ್ಡ ಮೋಟರು, ದೊಡ್ಡ ಬ್ಯಾಟರಿ ಹಾಕಿಸಿಕೊಂಡು ಬಂದ. ಬ್ಯಾಟರಿ ಪೆಟ್ಟಿಗೆಯಲ್ಲಿ ಹಿಡಿಸದೆ ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಹೊಸ ಬ್ಯಾಟರಿಗೆ ಹಾರ್ನ್ ಸುಟ್ಟೀತೆಂದು ಅದರ ವಾಯರನ್ನೇ ಕಿತ್ತಿದ್ದರು. ಬ್ರೇಕು? ಹಳೆಯದೇ. ಆ ಮಾತು ಮಿಸ್ತ್ರಿ ಎತ್ತಲಿಲ್ಲ, ಅಣ್ಣ ಕೇಳಲಿಲ್ಲ.

ನೋಡಲು ಬಂದವರೆಲ್ಲರದೂ ಒಂದೇ ಪ್ರಶ್ನೆ: "ಎಷ್ಟ ಓಡ್ತದ?"

"ಅರವತ್ರಿ ಕಾಕಾ."

"ಅಬಾಬಾ!"

ಊರಿಗೆ ಬಂದಿದ್ದ ನನ್ನ ಕಡೆ ಅಣ್ಣ ತಿರುಗಿದ. "ತಂಗಿ, ನೀ ಬಿ.ಎಸ್ಸಿ. ಕಲ್ತಾಕಿ. ಏನೂ ಆಗೂದಿಲ್ಲಲಾ?" ನಾನು ಚಹಾ ಕುಡಿಯುತ್ತ "ಏನಾಗ್ತದ" ಅಂದೆ. ವೇಗ ಎರಡು ಪಟ್ಟಾದರೆ ಅದೇ ಬ್ರೇಕಿನಲ್ಲಿ ನಿಲ್ಲಲು ನಾಲ್ಕು ಪಟ್ಟು ದಾರಿ ಬೇಕೆಂದು ವರ್ಷ ವರ್ಷವೂ ಹಲಗೆಯ ಮೇಲೆ ಬರೆಯುವವಳು ನಾನೇ. ಹಲಗೆ ಒರೆಸಿದಾಗ ನನ್ನ ತಲೆಯೂ ಸ್ವಚ್ಛವಾಗುತ್ತದೆಂದು ಕಾಣುತ್ತದೆ.

ಮೊದಲ ಸವಾರಿಗೆ ಹಿಂದೆ ಕೂತವಳೂ ನಾನೇ. ತಿರ್ಲಾಪುರದ ದಾರಿಯಲ್ಲಿ, ರಾಶಿಯ ಕಾಲದ ರೂಢಿಯಂತೆ, ವಾಹನಗಳು ತುಳಿದು ಕಾಳು ಬಿಡಿಸಲೆಂದು ಡಾಂಬರಿನ ಮೇಲೆ ಹೆಸರಿನ ಬಳ್ಳಿ ಹರವಿದ್ದರು. ನಡುವೆ ಒಬ್ಬ ಅಜ್ಜಿ ನಮಗೆ ಬೆನ್ನು ಮಾಡಿ ಕೋಲಿನಿಂದ ಬಳ್ಳಿ ತಿರುವುತ್ತಿದ್ದಳು. ಎಂಜಿನ್ನಿನ ಸಪ್ಪಳವಿಲ್ಲ, ಹಾರ್ನಿಲ್ಲ. ಅಣ್ಣ ಬ್ರೇಕು ಹಿಡಿದ. ಗಾಡಿ ಅದನ್ನೊಂದು ಸಲಹೆಯೆಂದು ತಿಳಿದು ಮುಂದೆಯೇ ಹೋಯಿತು. "ಯವ್ವಾ, ಸರೀ!" ಎಂದು ಚೀರಿದೆ. ಆಕೆ ಸರಿದಳು. ಆಕೆಯ ಸೆರಗು ನನ್ನ ಮೊಣಕಾಲಿಗೆ ತಗಲಿತು; ಈಗಲೂ ತಗಲುತ್ತಲೇ ಇದೆ. ನಮ್ಮನ್ನು ನಿಲ್ಲಿಸಿದ್ದು ಬ್ರೇಕಲ್ಲ, ಮುಂದಿದ್ದ ಹೊಟ್ಟಿನ ಗುಪ್ಪೆ.

"ಸಪ್ಪಳಿಲ್ದ ಬರ್ತೀರಲ್ಲೋ, ದೆವ್ವೇನ ನೀವು?" ಎಂದು ಅಜ್ಜಿ ಕೋಲೆತ್ತಿದಳು. ಹೊಡೆಯಬೇಕಿತ್ತು.

ಸಂಜೆ ಕಟ್ಟೆಯ ಮೇಲೆ ಅಣ್ಣ ಇದನ್ನು ಹೇಳಿದರೆ, ಅಜ್ಜಿಗೇನಾಯಿತೆಂದು ಒಬ್ಬರೂ ಕೇಳಲಿಲ್ಲ. "ಮುದುಕಿ ರಸ್ತಾದಾಗ ಯಾಕ ನಿಂತಿದ್ಲು?" ಎಂದರು, ಅದೇ ರಸ್ತೆಯಲ್ಲಿ ತಮ್ಮ ರಾಶಿ ಹರವಿ ಬಂದವರು! ಮೇಲೆ, "ಖರೇನ ಅರವತ್ತ ಮುಟ್ಟಿತ್ತೇನಲೇ?" ಎಂಬ ವಿಚಾರಣೆ. ನನ್ನ ಮೈಯೆಲ್ಲ ಉರಿಯಿತು. ಮರುದಿನದಿಂದ ಇದರ ಮೇಲೆ ಕೂಡಬೇಕಾದವಳು ಅಣ್ಣನ ಹೆಂಡತಿ, ನಮ್ಮ ವೈನಿ. ತಿರ್ಲಾಪುರದ ಅಂಗನವಾಡಿಗೆ ಆಕೆಗೆ ದಿನವೂ ಅದೇ ದಾರಿ.

ಬೆಳಿಗ್ಗೆ ಅಂಗಳದ ರಂಗೋಲಿ ಮುಗಿಸಿದ ವೈನಿ ಬಟ್ಟಲು ಹಿಡಿದು ಬೀದಿಗಿಳಿದಳು. ಮಂದಿಯನ್ನು ಬಾಜು ಸರಿಸಿ, ದಾರಿಗೆ ಅಡ್ಡಲಾಗಿ ಒಂದು ಗೆರೆ ಎಳೆದಳು.

"ಎಷ್ಟ ಓಡ್ತದ ಅನ್ನೂದು ಸಾಕು. ಜೋರಲೇ ಬರ್ರಿ, ಬೇವಿನ ಗಿಡದ ಹಂತೇಕ ಬ್ರೇಕ್ ಹಿಡೀರಿ, ಈ ಗೆರಿಗೆ ನಿಂದ್ರಸ್ರಿ. ಆಮ್ಯಾಲೆ ಹತ್ತತೀನಿ."

ಅಣ್ಣ ಬಂದ. ಬೇವಿನ ಗಿಡದ ಹತ್ತಿರ ಬ್ರೇಕು ಹಿಡಿದ. ಗೆರೆ ದಾಟಿದ, ಮನೆ ದಾಟಿದ, ಕಟ್ಟೆಯವರ ಚಪ್ಪಲಿಗಳನ್ನೂ ದಾಟಿ ಹಿಟ್ಟಿನ ಗಿರಣಿಯ ಮುಂದೆ ನಿಂತ. ವೈನಿ ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದಳು.

ಆ ವಾರವೇ ಹಳೆಯ ಮೋಟರು, ಹಳೆಯ ಬ್ಯಾಟರಿ ಮರಳಿ ಬಂದವು. ಅವುಗಳ ಹಿಂದೆಯೇ ಹಾರ್ನೂ. ಎಮ್ಮೆಗಳು ಮತ್ತೆ ಮುಂದಾಗಿವೆ, ಕಟ್ಟೆಯವರು ನಗುತ್ತಾರೆ. ನಗಲಿ. ವೈನಿ ಮಾತ್ರ ಆ ಗೆರೆ ಬಿಟ್ಟಿಲ್ಲ. ಅಣ್ಣ ದಿನವೂ ಅದರ ಈಚೆ ಗಾಡಿ ನಿಲ್ಲಿಸುತ್ತಾನೆ. ಆಕೆ ಬಗ್ಗಿ ನೋಡಿ, ಆಮೇಲೆ ಹತ್ತುತ್ತಾಳೆ.

ಮೊನ್ನೆ ತರಗತಿಯಲ್ಲಿ ವೇಗದ ಸೂತ್ರ ಬರೆಯುವ ಮೊದಲು ಹಲಗೆಗೆ ಅಡ್ಡಲಾಗಿ ನಾನೂ ಒಂದು ಗೆರೆ ಎಳೆದೆ.

"ಏನ್ರಿ ಟೀಚರ್ ಇದು?" ಅಂದರು ಮಕ್ಕಳು.

"ನಮ್ಮ ವೈನಿ" ಅಂದೆ.