ಬೆಳ್ಳಮ್ಮನ ಕೈ ಸೇರಿದ ಏಳು ಅಂಗುಸ್ತಾನ

ಬೆಳ್ಳಮ್ಮನನ್ನು ಹೊಗಳದೆ ಅವಳ ಕತೆ ಹೇಳಲು ಆಗುವುದಿಲ್ಲ. ನನ್ನ ಹೊಟ್ಟೆಯುರಿಯೇ ಅದು.

ಕೊಪ್ಪದಲ್ಲಿ ಹುಟ್ಟಿದವಳು. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡಾಗ ಅಣ್ಣ ಜವರಯ್ಯ ಮದ್ದೂರಿನ ತನ್ನ ಮನೆಗೆ ಕರೆತಂದ. ಊಟಕ್ಕೆ, ಬಟ್ಟೆಗೆ ಕೊರತೆ ಮಾಡಲಿಲ್ಲ. ಆದರೆ ಬಾವಿಕಟ್ಟೆ ಮತ್ತು ಎದುರಿನ ಜಾನ್ ಬೀ ಮನೆ, ಇವೆರಡರ ಆಚೆಗೆ ಅವಳು ಕಾಲಿಡುವಂತಿರಲಿಲ್ಲ. ಜಾನ್ ಬೀಯೇ ಅವಳಿಗೆ ಸೂಜಿ ಹಿಡಿಯಲು ಕಲಿಸಿದ್ದು. ಆರು ತಿಂಗಳಲ್ಲಿ ಹುಡುಗಿ ಗುರುವನ್ನೇ ಮೀರಿಸಿದಳು.

ಯುದ್ಧದ ಕಾಲ. ಮೈಸೂರಿನ ಗುತ್ತಿಗೆದಾರನೊಬ್ಬ ಸಿಪಾಯಿಗಳ ಕಾಕಿ ಅಂಗಿಗಳನ್ನು ಮಿಷನ್ನಿನಲ್ಲಿ ಹೊಲಿಸಿ, ಕಾಜ ತೆಗೆದು ಗುಂಡಿ ಹಾಕುವ ಕೆಲಸವನ್ನು ನಮ್ಮ ಬೀದಿಯ ಏಳು ಹೆಂಗಸರ ಮನೆಗೆ ಕಳಿಸುತ್ತಿದ್ದ. ತಂದುಕೊಟ್ಟು, ಮುಗಿದದ್ದನ್ನು ಶನಿವಾರದ ರೈಲಿಗೆ ಹಾಕುವವನು ಮೇಸ್ತ್ರಿ ಪುಟ್ಟಮಾದಯ್ಯ. ಆ ಬಟ್ಟೆಯೋ ಹಲಗೆಯಷ್ಟು ಗಟ್ಟಿ. ಬೆರಳ ತುದಿಗೆ ಅಂಗುಸ್ತಾನವೆಂಬ ಹಿತ್ತಾಳೆಯ ಟೋಪಿ ಹಾಕದೆ ಒತ್ತಿದರೆ ಸೂಜಿಯ ಹಿಂಬದಿ ಬೆರಳಿಗೇ ಇಳಿಯುತ್ತಿತ್ತು. ಹಿತ್ತಾಳೆಯೆಲ್ಲ ಯುದ್ಧದ ಪಾಲಾಗಿ ಅಂಗಡಿಗಳಲ್ಲಿ ಅಂಗುಸ್ತಾನ ಸಿಗುವುದೇ ನಿಂತುಹೋಗಿತ್ತು. ನನ್ನದನ್ನು ನನ್ನ ಗಂಡ ಒಡೆದ ಚೊಂಬಿನ ಕಂಠವನ್ನು ಬಡಿದು, ಮೊಳೆಯಿಂದ ಚುಕ್ಕಿ ಹೊಡೆದು ಮಾಡಿಕೊಟ್ಟಿದ್ದ. ಒಂದು ಚುಕ್ಕಿ ಜೋರಾಗಿ ಬಿದ್ದು ತೂತೇ ಆಗಿತ್ತು.

ನಲವತ್ಮೂರರ ಸಂಕ್ರಾಂತಿ ಕಳೆದ ವಾರ ಮೇಸ್ತ್ರಿ ಬರಿಗೈಯಲ್ಲಿ ಬಂದ. "ಇನ್ಮ್ಯಾಕೆ ಬಟ್ಟೆ ಮನೆಗ್ ಬರಾಕಿಲ್ಲ. ಅಕ್ಕಿ ಗಿರಣಿ ಇಂದೆ ಸೆಡ್ಡು ಆಕ್ಸಿವ್ನಿ. ಬೆಳಿಗ್ಗೆ ಬಂದು ಕೂತು ಒಲ್ದು ಬೈಗಿಗೆ ಓಗಿ. ಬರ್ದೇ ಇರೋರ್ಗೆ ಕೆಲ್ಸ ಇಲ್ಲ" ಅಂದ.

ನನ್ನ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಗಳಿಗೆಗೊಮ್ಮೆ ಮಗ್ಗುಲು ಬದಲಿಸಬೇಕು. ಜಾನ್ ಬೀ ಗೋಷಾ ಹೆಂಗಸು, ಬೀದಿ ದಾಟುವವಳಲ್ಲ. ಉಳಿದವರ ಮಡಿಲಲ್ಲಿ ಹಾಲು ಕುಡಿಯುವ ಕೂಸುಗಳು. ನಾವೆಲ್ಲ ಪೆಚ್ಚಾಗಿ ನಿಂತಿದ್ದಾಗ ಬಾಗಿಲ ಮರೆಯಿಂದ ಬೆಳ್ಳಮ್ಮನ ದನಿ ಬಂತು: "ಅಂಗಿ ಬೇಕಾದ್ರೆ ನಮ್ ಬಾಗ್ಲಿಗೆ ತತ್ತಾ. ಇಲ್ದಿದ್ರೆ ಸನಿವಾರದ ರೈಲಿಗೆ ನೀನೇ ಕೂತು ಕಾಜ ತಗಿ ಓಗಯ್ಯ!" ಮೇಸ್ತ್ರಿಯ ಮುಖ ನೋಡಿ ನಾವು ಬಿದ್ದು ಬಿದ್ದು ನಕ್ಕೆವು. ಆವತ್ತು ಅವಳು ಪ್ರಾಣ ಕೊಡು ಎಂದಿದ್ದರೂ ಕೊಡುತ್ತಿದ್ದೆ.

ಅವಳು ಕೇಳಿದ್ದು ಅಂಗುಸ್ತಾನ. "ಇದು ಕೈಲಿದ್ರೆ, ಮಕ್ಳು ಅಸ್ಕೊಂಡು ಅತ್ತಾಗ ನಮ್ಮಲ್ಲೇ ಒಬ್ಳು ಸೆಡ್ಡಿಗೆ ಓಯ್ತಾಳೆ. ಎಲ್ಲಾನೂ ನನ್ ತಾವ ಕೊಡಿ. ಗೆದ್ದ ದಿನ ವಾಪಸ್ ಕೊಡ್ತೀನಿ" ಎಂದಳು. ಯಾರಿಗೂ ಸಿಟ್ಟು ಬರಲಿಲ್ಲ, ಅವರವರ ಮನಸ್ಸಿನ ಗಟ್ಟಿತನ ಅವರವರಿಗೆ ಗೊತ್ತಿತ್ತು. ಮೊದಲು ಇಟ್ಟವಳೇ ನಾನು. ಜಾನ್ ಬೀ ತನ್ನ ತಾಯಿ ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ಕೊಟ್ಟಳು. ಬೆಳ್ಳಮ್ಮ ತನ್ನದನ್ನೂ ಸೇರಿಸಿ ಏಳನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮಂಗಳವಾರ, ಬುಧವಾರ ಮೇಸ್ತ್ರಿ ಬಂದು ಗೋಗರೆದ. ನಾವು ಬಾಗಿಲು ತೆಗೆಯಲಿಲ್ಲ. ಗುರುವಾರ ಅವನು ಬರಲಿಲ್ಲ, ಸೋತ ಎಂದುಕೊಂಡೆವು. ಅಂದಿನಿಂದ ಬೆಳ್ಳಮ್ಮನೂ ಕಾಣಲಿಲ್ಲ. ಅವಳ ಅತ್ತಿಗೆ "ಜ್ವರ ಬಂದು ಮನಗವ್ಳೆ" ಎಂದಳು.

ಶನಿವಾರ ಮಧ್ಯಾಹ್ನ ಅತ್ತೆಯ ಬಳಿ ಪಕ್ಕದ ಮನೆಯವಳನ್ನು ಕೂರಿಸಿ, ಮೇಸ್ತ್ರಿ ರೈಲಿಗೆ ಏನು ಹಾಕುತ್ತಾನೋ ನೋಡಲು ನಾನೇ ಶೆಡ್ಡಿನ ಕಡೆ ಹೋದೆ. ಬಾಗಿಲಲ್ಲಿ ನಿಂತ ಗಾಡಿಗೆ ಅಂಗಿಗಳ ಗಂಟು ಏರುತ್ತಿತ್ತು. ಒಳಗೆ ಕೆರೆ ಆಚೆಯ ಬೀದಿಯ ಹೆಂಗಸರು ಸಾಲಾಗಿ ಕೂತು ಹೊಲಿಯುತ್ತಿದ್ದರು. ಹತ್ತಿರ ಕೂತಿದ್ದವಳ ಬೆರಳಲ್ಲಿ ಚೊಂಬಿನ ಕಂಠದ ಅಂಗುಸ್ತಾನ. ಅದೇ ತೂತು.

"ಇದ್ಯಾರು ಕೊಟ್ರವ್ವ?"

"ಬೆಳ್ಳಕ್ಕ ಕೊಟ್ರು. ಇಲ್ಲಿ ನೋಡ್ಕಳೋರು ಅವ್ರೇಯ" ಎಂದಳು, ಪಾಪ, ಏನೂ ಅರಿಯದೆ.

ಬೆಳ್ಳಮ್ಮ ಮೂಲೆಯ ಮಣೆಯ ಮೇಲೆ ಕೂತು ಒಂದೊಂದೇ ಕಾಜ ಎಳೆದು ನೋಡುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಅವಳ ಮುಂದೆ ಹೋಗಿ ನಿಂತೆ.

"ಯಾಕ್ ಇಂಗ್ ಮಾಡ್ದೆ ಬೆಳ್ಳಿ?"

ಅವಳು ತಲೆ ತಗ್ಗಿಸಲಿಲ್ಲ. "ಮನೇಲೇ ಕೂತು ಒಲೀತೀವಿ ಅಂದೋರು ನೀವು. ನಂಗೆ ಆ ಮನೆಯಿಂದ ಈಚೆಗ್ ಬರ್ಬೇಕಾಗಿತ್ತು. ಆರು ವರ್ಸ ಆಯ್ತು ಕಣಕ್ಕ ಬೀದಿ ಕೊನೆ ನೋಡಿ. ನಮ್ಮಣ್ಣನ್ನ ಒಪ್ಪುಸ್ತೀನಿ ಅಂದ ಮೇಸ್ತ್ರಿ, ಒಪ್ಪುಸ್ದ."

ಅದು ಸುಳ್ಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಳ್ಳಾಗಿರಲಿಲ್ಲ.

"ನೀನು ಬಾ, ಬ್ಯಾಡ ಅಂದೋರ್ಯಾರು? ಒಬ್ಳೇ ಬರ್ಬೇಕಾಗಿತ್ತು. ನಮ್ ಕೈ ಕಟ್ಟಾಕಿ ಯಾಕ್ ಬಂದೆ?"

ಅವಳು ಕೈಯಲ್ಲಿದ್ದ ಅಂಗಿಯನ್ನು ಗಂಟಿಗೆ ಹಾಕಿದಳು. ಮುಂದಿನ ಅಂಗಿ ಎತ್ತಿಕೊಂಡಳು.

ಯುದ್ಧ ನಿಂತ ವರ್ಷ ಶೆಡ್ಡು ಮುಚ್ಚಿತು, ಜವರಯ್ಯ ತಂಗಿಯನ್ನು ಮತ್ತೆ ಮನೆಯೊಳಕ್ಕೆ ಸೇರಿಸಿದ. ಕೇಳಿ ನನಗೆ ಸಂತೋಷವಾಗಲಿಲ್ಲ, ಅಯ್ಯೋ ಎಂದೂ ಅನ್ನಿಸಲಿಲ್ಲ. ಅವಳ ಹೆಸರೆತ್ತಿದರೆ ಇವತ್ತಿಗೂ ನೆನಪಾಗುವುದು ಆ ಶನಿವಾರ ನಾನು ಹಿಂತಿರುಗಿ ಬಂದಾಗಿನ ಸಂಗತಿ.

ಜಾನ್ ಬೀ ಪರದೆಯ ಹಿಂದೆ ಕಾಯುತ್ತ ನಿಂತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಕೈ ಹೊರಚಾಚಿದಳು. ಅಂಗೈಯಲ್ಲಿ ದರ್ಗಾದಿಂದ ಮಂತ್ರಿಸಿ ತರಿಸಿದ ಕಪ್ಪು ದಾರ.

"ಚಲುವಮ್ಮ, ಇದನ್ನ ಬೆಳ್ಳಿ ತೋಳಿಗೆ ಕಟ್ಟು. ನಮಗೋಸ್ಕರ ಕೂಗಾಡಿ ಕೂಗಾಡಿ ಜ್ವರ ತಗೊಂಡ್ಳು ಪಾಪ."