ಸತ್ತವರಿಗಾಗಿ ಮಾಡಿದ ಬಂದೂಕು

ನಮ್ಮಣ್ಣನಿಗೆ ತಲೆ ಇತ್ತು, ಇಲ್ಲ ಅನ್ನುವುದಿಲ್ಲ. ಅದು ಮನೆಗೆ ಯಾವತ್ತೂ ಉಪಯೋಗಕ್ಕೆ ಬರಲಿಲ್ಲ, ಅಷ್ಟೇ. ಸಿನಿಮಾ ಸ್ಟುಡಿಯೋದ ವರ್ಕ್‌ಶಾಪಿನಲ್ಲಿ ಅವನು ಲೇತ್ ಕೆಲಸದವನು. ಕತ್ತಿ, ಕಿರೀಟ, ಬೇಡಿ ಎಲ್ಲ ಅವನ ಕೈಯಲ್ಲೇ ಹುಟ್ಟುತ್ತಿದ್ದವು. ಮನೆಯ ನಲ್ಲಿ ಮಾತ್ರ ವರ್ಷವಿಡೀ ತೊಟ್ಟಿಕ್ಕುತ್ತಿತ್ತು.

ಒಮ್ಮೆ ಜೋಂಬಿ ಸಿನಿಮಾ ಬಂತು. ಸತ್ತವರು ಎದ್ದು ಬಂದು ಊರನ್ನೇ ಕಚ್ಚುವ ಕಥೆ. ಅವರ ಮೇಲೆ ಯುದ್ಧಕ್ಕೆ ಹೊರಟ ಸೈನ್ಯಕ್ಕೆ ಎಲ್ಲೂ ಇಲ್ಲದ ರೈಫಲ್ಲೊಂದು ಬೇಕು ಎಂದರು ಡೈರೆಕ್ಟರು. ಬೇರೆ ಯಾರಾದರೂ ಆಗಿದ್ದರೆ ಹಳೆಯದೊಂದಕ್ಕೆ ಕಪ್ಪು ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಿದ್ದರು. ಇವನು ಊಟ ನಿದ್ದೆ ಬಿಟ್ಟು ಕುಳಿತ. ಜೋಂಬಿಯ ಎದೆಗೆ ಹೊಡೆದು ಪ್ರಯೋಜನವಿಲ್ಲ, ತಲೆಯೇ ಒಡೆಯಬೇಕು. ಹಾಗಾಗಿ ಗುಂಡು ಗಿಡ್ಡ, ದಪ್ಪ, ಬುರುಡೆಯೊಳಗೇ ಚೂರಾಗುವಂಥದ್ದು. ತೋಟಾ ಮುಗಿದರೆ ಬಂದೂಕಿನ ಹಿಡಿಯಿಂದಲೇ ಜಜ್ಜಲೆಂದು ಅದಕ್ಕೊಂದು ಕಬ್ಬಿಣದ ಕಟ್ಟು. ಊಟದ ತಟ್ಟೆ ಮುಂದಿಟ್ಟರೆ ಬುರುಡೆ ಎಷ್ಟು ದಪ್ಪವಿರುತ್ತದೆ ಎಂದು ಶುರುಮಾಡುತ್ತಿದ್ದ. ಆ ತಲೆಯಲ್ಲಿ ಕಾಲುಭಾಗ ಸಂಸಾರಕ್ಕೆ ಖರ್ಚು ಮಾಡಿದ್ದರೆ ಅತ್ತಿಗೆ ತವರಿಗೆ ಹೋಗಿ ಕೂರುತ್ತಿರಲಿಲ್ಲ ಎಂದು ಮುಖಕ್ಕೇ ಅಂದೆ. ಕೇಳಿಸಲೇ ಇಲ್ಲ ಅವನಿಗೆ.

ಆ ರೈಫಲ್ಲಿಗೆ ಅವನು ಟ್ರಿಗರನ್ನು ತಡೆದು ಹಿಡಿಯುವ ಸೇಫ್ಟಿ ಲಾಕ್ ಇಡಲಿಲ್ಲ. ಮರೆತದ್ದಲ್ಲ, ಬೇಕೆಂದೇ. ಸತ್ತವರು ಕೈಯೆತ್ತಿ ಶರಣಾಗುವುದಿಲ್ಲ, ಲಾಕ್ ತೆಗೆಯುವಷ್ಟರಲ್ಲಿ ಸೈನಿಕನ ಕುತ್ತಿಗೆ ಹೋಗಿರುತ್ತದೆ ಎಂದು ವಾದಿಸಿದ. ಡೈರೆಕ್ಟರು ಬೆನ್ನು ತಟ್ಟಿದರು. ಶೂಟಿಂಗಿಗೆ ಗುಂಡಿಲ್ಲದ, ಬರೀ ಮದ್ದಿನ ತೋಟಾ. ಸದ್ದು, ಬೆಂಕಿ ಮಾತ್ರ. ಅದನ್ನು ಹಾರಿಸಿದ್ದೂ ಅದೇ ಬಂದೂಕಿನಿಂದ.

ನಮ್ಮ ತಮ್ಮ ಗೋಡೆಗೆ ಬಣ್ಣ ಹೊಡೆಯುವವನು, ಆಗ ಕೆಲಸವಿಲ್ಲದೆ ಕೂತಿದ್ದ. ಅಣ್ಣನೇ ಹೇಳಿ ಅವನನ್ನು ಜೋಂಬಿಗಳ ಗುಂಪಿಗೆ ಸೇರಿಸಿದ. ಕನ್ನಡಿಯಲ್ಲಿ ತನ್ನ ಬೂದು ಮುಖ ನೋಡಿಕೊಂಡು, ಕೊನೆಗೂ ನನಗೇ ಯಾರೋ ಬಣ್ಣ ಹೊಡೆದರಲ್ಲ ಎಂದು ನಕ್ಕನಂತೆ.

ಊಟದ ಬಿಡುವಾಯಿತೆಂದು ಹೆಣಗಳೆಲ್ಲ ಏಳುತ್ತಿದ್ದವು. ಹೀರೋ ಬಂದೂಕನ್ನು ಹೆಗಲಿನಿಂದ ಇಳಿಸುವಾಗ ಬೆರಳು ಟ್ರಿಗರಿಗೆ ತಾಗಿತು. ಪಕ್ಕದಲ್ಲೇ ಏಳುತ್ತಿದ್ದ ತಮ್ಮನ ಮುಖಕ್ಕೆ ಬೆಂಕಿ ಬಡಿಯಿತು. ಬಲಗಣ್ಣು ಅಲ್ಲೇ ಹೋಯಿತು. ಎಡಗಣ್ಣಾದರೂ ಉಳಿದೀತು, ಮತ್ತೆ ಬ್ರಶ್ ಹಿಡಿದಾನು ಎಂದು ನಾವು ಕಾದೆವು.

ಸ್ಟುಡಿಯೋ ಮ್ಯಾನೇಜರ್ ಆಸ್ಪತ್ರೆಗೆ ಬಂದು, ಲಾಕ್ ಇಲ್ಲದ ಬಂದೂಕು ಮಾಡಿದ್ದು ನಿಮ್ಮಣ್ಣನೇ ತಾನೆ ಎಂದು ಕೈಕೊಡವಿ ಹೋದ. ಹಾಳಾದವನು. ಆದರೆ ಅವನು ಹೇಳಿದ್ದು ಸುಳ್ಳಲ್ಲವಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಕಣ್ಣಿನ ಕಟ್ಟು ಬಿಚ್ಚಿದರು. ಎಡಗಣ್ಣಿಗೂ ಬೆಳಕಿರಲಿಲ್ಲ. ತಮ್ಮ ತಡಕಾಡಿ ಅಣ್ಣನ ಕೈ ಹಿಡಿದುಕೊಂಡ.

“ಅಣ್ಣಾ, ನನ್ನ ಆ ಗುಂಪಿಗೆ ಸೇರಿಸಿದ್ಯಲ್ಲ, ಆಗಲೂ ಲಾಕ್ ನೆನಪಾಗಲಿಲ್ವಾ?”

ಇಲ್ಲ ಅಂತ ಒಂದು ಸುಳ್ಳು ಹೇಳಬಾರದಿತ್ತೇ? ನಮ್ಮಣ್ಣನಿಗೆ ಅದೂ ಬರುವುದಿಲ್ಲ.

“ನೆನಪಾಯ್ತು ಕಣೋ. ನೀನು ಸತ್ತವರ ಕಡೆ ಅಲ್ವಾ ಅಂತ ಸುಮ್ಮನಾದೆ.”

ತಮ್ಮ ಕೈ ಬಿಟ್ಟ. ಈಗ ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ಅಣ್ಣ ಒಳಗೆ ಬಂದ ಸದ್ದಾದರೆ ತಮ್ಮ ಆಡುತ್ತಿದ್ದ ಮಾತು ನಿಲ್ಲಿಸುತ್ತಾನೆ.