ಉಡಿ ತುಂಬಿಸಿಕೊಂಡ ಡುಕ್ಕರ್ ಫಿಯಾಟ್

ಬಬಲೇಶ್ವರದ ಹೊರಗೆ, ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂತಿದ್ದ ರ‍್ಯಾಲಿ ಅಧಿಕಾರಿಯ ಕೈಗೆ ನನ್ನ ಚಿಗವ್ವ ಎರಡು ಹೋಳಿಗೆ ಇಟ್ಟಳು. ನಮ್ಮ ಅಂಕಗಳಿಗೆ ಕತ್ತರಿ ಹಾಕಬೇಕಾದ ಕೈ ಅದು.

"ಮೇಡಂ, ನೀವು ಲೇಟು. ತುಂಬಾ ಲೇಟು" ಎಂದ ಆ ಪುಣ್ಯಾತ್ಮ. ಬೆಂಗಳೂರಿನ ಕಡೆಯವನಿರಬೇಕು.

"ಹೌದ್ರಿ, ಗೊತ್ತೈತಿ. ಮೊದಲ ತಿನ್ರಿ, ಆಮ್ಯಾಲ ಬರಕೋರಿ" ಎಂದಳು ಚಿಗವ್ವ.

ನಾನು ಪಕ್ಕದ ಸೀಟಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ನೆಲ ಬಾಯಿ ಬಿಟ್ಟಿದ್ದರೆ ಗಾಡಿ ಸಮೇತ ಒಳಗೆ ಹೋಗಲು ತಯಾರಿದ್ದೆ. ಆದರೆ ಬೇಸಿಗೆಯಲ್ಲಿ ಬಿರುಕು ಬಿಡುವ ನಮ್ಮ ಕಡೆಯ ಎರೆನೆಲ ಬೇಕಾದಾಗ ಬಾಯಿ ಬಿಡುವುದಿಲ್ಲವಲ್ಲ!

ಇರಿ, ಮೊದಲಿನಿಂದ ಹೇಳುತ್ತೇನೆ.

ಕಳೆದ ಭಾನುವಾರ ವಿಜಯಪುರದಲ್ಲಿ ಹಳೆಯ ಕಾರುಗಳ ಕೂಟ, ಜೊತೆಗೊಂದು ರ‍್ಯಾಲಿ ಇತ್ತು. ಬೆಳಿಗ್ಗೆ ಮೈದಾನಕ್ಕೆ ಕಾಲಿಟ್ಟವನು ಬಾಯಿ ತೆರೆದುಕೊಂಡೇ ಒಂದು ಸುತ್ತು ಹಾಕಿದೆ. ಎಷ್ಟು ಚಂದದ ಗಾಡಿಗಳು ಅಂತೀರಿ! ಕಪ್ಪೆಯ ಹಾಗೆ ಕಣ್ಣು ಬಿಟ್ಟ ಪುಟ್ಟ ಮೋರಿಸ್. ಮುಂಭಾಗದಲ್ಲಿ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ತೆರೆದ ಕಾರು. ಯಾವುದೋ ಸಂಸ್ಥಾನದ ಅಂಗಳದಲ್ಲಿ ನಿಂತಿದ್ದಂತೆ ಉದ್ದಕ್ಕೆ ಮೈಚಾಚಿದ ಬೆಣ್ಣೆ ಬಣ್ಣದ ಗಾಡಿ. ಯುದ್ಧ ನೋಡಿ ಬಂದ ಜೀಪು. ಈಗಿನ ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ನನ್ನದೇ ಕಾರನ್ನು ಹುಡುಕಲು ನಾನು ರಿಮೋಟ್ ಒತ್ತಬೇಕು. (ಒತ್ತಿ ಬೇರೆಯವರ ಬಾಗಿಲು ಜಗ್ಗಿದ್ದೂ ಉಂಟು.) ಇವಕ್ಕೆ ಹಾಗಲ್ಲ, ಒಂದೊಂದಕ್ಕೂ ಒಂದೊಂದು ಮುಖ.

ಈ ಸಾಲಿನ ತುದಿಗೆ ನಮ್ಮ ಚಿಗವ್ವನ ಡುಕ್ಕರ್ ಫಿಯಾಟ್ ನಿಂತಿತ್ತು.

ಚಿಗವ್ವ ಅಂದರೆ ಕಸ್ತೂರಿಬಾಯಿ, ನನ್ನ ತಾಯಿಯ ತಂಗಿ. ತಿಕೋಟಾದಲ್ಲಿ ದ್ರಾಕ್ಷಿ ತೋಟ. ಡುಕ್ಕರ್ ಅಂದರೆ ಮರಾಠಿಯಲ್ಲಿ ಹಂದಿ. ಕಾರಿನ ಮೂತಿ ನೋಡಿ ಯಾವನೋ ಇಟ್ಟ ಹೆಸರು, ಹಾಗೇ ಉಳಿದುಬಿಟ್ಟಿದೆ. ಅದರ ಮುಂದಿನ ಬಾಗಿಲು ನಮ್ಮ ಕಾರುಗಳಿಗಿಂತ ಉಲ್ಟಾ ತೆರೆಯುತ್ತದೆ, ಗೇರು ಸ್ಟೇರಿಂಗಿನ ಪಕ್ಕಕ್ಕಿದೆ. ಚಿಗವ್ವ ಮದುಮಗಳಾಗಿ ಗಂಡನ ಮನೆಗೆ ಬಂದದ್ದು ಇದೇ ಗಾಡಿಯಲ್ಲಿ. ಆಮೇಲೆ ತೋಟದ ದಾರಿಯಲ್ಲಿ ಅವಳ ಗಂಡ, ನಮ್ಮ ಕಾಕಾ, ಬೈದು ಬೈದು ಡ್ರೈವಿಂಗ್ ಕಲಿಸಿದ. ಈಗ ಕಾಕಾನಿಗಿಂತ ಅವಳೇ ಚೆನ್ನಾಗಿ ಓಡಿಸುತ್ತಾಳೆ. (ಇದನ್ನು ಕಾಕಾನ ಮುಂದೆ ಯಾರೂ ಹೇಳುವುದಿಲ್ಲ.) ಒಣದ್ರಾಕ್ಷಿ ಶೆಡ್ಡಿಗೆ, ಸಂತೆಗೆ, ದವಾಖಾನೆಗೆ, ಎಲ್ಲದಕ್ಕೂ ಇದೇ ಗಾಡಿ. ಬಣ್ಣ ಅಲ್ಲಲ್ಲಿ ಹೋಗಿದೆ. ಆದರೂ ಎಂಜಿನ್ ಸದ್ದು ಕೇಳಿ, ಹೊಟ್ಟೆ ತುಂಬಿದ ಬೆಕ್ಕಿನ ಗುರ್‌ಗುರ್!

ಕಾಕಾನಿಗೆ ಮಾತ್ರ ಗಾಡಿ ಸಾಕಾಗಿತ್ತು.

"ಪಾರ್ಟ್ ಸಿಗೂದಿಲ್ಲ, ಮೆಕ್ಯಾನಿಕ್ ಸಿಗೂದಿಲ್ಲ. ಇದನ್ನ ಸಾಕೂದಕ್ಕಿಂತ ಎರಡು ಎಮ್ಮಿ ಸಾಕೂದು ಚೊಲೊ. ಹಾಲರ ಕೊಡ್ತಾವ."

"ನಿಮ್ಮ ಎಮ್ಮಿ ನನ್ನ ತವರಮನಿಗೆ ಕರಕೊಂಡು ಹೋಗ್ತದೇನ್ರಿ?" ಎಂಬುದು ಚಿಗವ್ವನ ಉತ್ತರ.

ಸೊಲ್ಲಾಪುರದ ಸಾವಕಾರರೊಬ್ಬರು ಈ ಗಾಡಿಯ ಮೇಲೆ ಕಣ್ಣಿಟ್ಟು ವರ್ಷವಾಗಿತ್ತು. ಹಳೆಯ ಕಾರುಗಳೆಂದರೆ ಅವರಿಗೆ ಪ್ರಾಣ. ರ‍್ಯಾಲಿಯ ಸುದ್ದಿ ಬಂದಾಗ ಕಾಕಾ ಒಂದು ಶರತ್ತು ಹಾಕಿದ. "ಟೈಮಿನೊಳಗ ಮುಗಿಸಿಕೊಂಡು ಬಾ, ಗಾಡಿ ಮನ್ಯಾಗ ಇರ್ತೈತಿ. ಇಲ್ಲಂದ್ರ ಸಾವಕಾರ್ರು ಅಲ್ಲೇ ಇರ್ತಾರ, ಕೀಲಿಕೈ ಅವರ ಕೈಯಾಗ ಕೊಟ್ಟುಬಿಡೂದು."

ಚಿಗವ್ವ ಒಪ್ಪಿಬಿಟ್ಟಳು. ಹೊತ್ತು ನೋಡಿ ಹೇಳಲು ನನ್ನನ್ನು ಕೂರಿಸಿಕೊಂಡಳು.

ಇದು ವೇಗದ ರೇಸ್ ಅಲ್ಲ. ಯಾವ ಜಾಗಕ್ಕೆ ಯಾವ ಹೊತ್ತಿಗೆ ಬರಬೇಕೆಂದು ಮೊದಲೇ ಹೇಳಿರುತ್ತಾರೆ. ಬೇಗ ಬಂದರೂ ಅಂಕ ಹೋಗುತ್ತದೆ, ತಡವಾದರೂ ಹೋಗುತ್ತದೆ. ತೀರಾ ತಡವಾದರೆ ಔಟ್. ವಿಜಯಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಮರಳಿ ವಿಜಯಪುರ. ಚಿಗವ್ವನಿಗೆ ಕಣ್ಣು ಮುಚ್ಚಿದರೂ ಗೊತ್ತಿರುವ ರಸ್ತೆ.

ಅರಕೇರಿ ದಾಟುವಾಗ ನಾವು ಗಡಿಯಾರದ ಮುಳ್ಳಿನ ಜೊತೆಗೇ ಇದ್ದೆವು. ರಸ್ತೆಬದಿಯ ಹೊಲಗಳಿಂದ ಜನ ಓಡಿ ಬಂದು ಕೈ ಬೀಸುತ್ತಿದ್ದರು. ಬೆಣ್ಣೆ ಬಣ್ಣದ ಕಾರಿಗೆ ಬೀಸಿದ್ದಕ್ಕಿಂತ ಜಾಸ್ತಿ ನಮಗೇ ಬೀಸಿದರು ಎಂಬುದು ನನ್ನ ಲೆಕ್ಕ. ಬಂದ ಹೊತ್ತು ಬರೆದುಕೊಳ್ಳುವ ತಿಕೋಟಾದ ಕಂಟ್ರೋಲ್ ಟೇಬಲ್ಲಿಗೆ ಸರಿಯಾದ ಹೊತ್ತಿಗೆ ಮುಟ್ಟಿದೆವು. ನನಗಂತೂ ಆಗಲೇ ಕೊರಳಲ್ಲಿ ಹಾರ ಬಿದ್ದಂತೆ ಅನ್ನಿಸತೊಡಗಿತ್ತು.

ಊರು ದಾಟಿ ಬಬಲೇಶ್ವರದ ದಾರಿ ಹಿಡಿದೆವು. ಸ್ವಲ್ಪ ಮುಂದೆ ರಸ್ತೆಬದಿಗೆ ಒಬ್ಬ ಮುದುಕ, ಒಬ್ಬ ಮುದುಕಿ. ಪಕ್ಕದಲ್ಲಿ ಬಟ್ಟೆ ಕಟ್ಟಿದ ದೊಡ್ಡ ಬುಟ್ಟಿ. ನಮ್ಮ ಗಾಡಿ ಕಂಡದ್ದೇ ಮುದುಕಿ ಕೈ ಮಾಡಿದಳು.

ಬೀಸಿದ್ದಲ್ಲ, ಮಾಡಿದ್ದು. ನಿಲ್ಲಿಸು ಎಂದು.

"ಬ್ಯಾಡ ಬೇ ಚಿಗವ್ವಾ! ಟೈಮ್ ಹೋಗ್ತೈತಿ!" ನಾನು ಕೂಗಿದೆ. ಗಾಡಿ ನಿಂತೇಬಿಟ್ಟಿತು.

ಅವರು ಕಳ್ಳಕವಟಗಿಯವರು. ಬಬಲೇಶ್ವರದಲ್ಲಿ ಅಂದು ಅವರ ಮಗಳ ಕುಬಸ. ಗೊತ್ತಲ್ಲ, ಬಸುರಿ ಮಗಳಿಗೆ ತವರಿನಿಂದ ಹಸಿರು ಸೀರೆ, ಬಳೆ, ಬುತ್ತಿ ಹೋಗಬೇಕು. ಉಳಿದವರೆಲ್ಲ ಹಿಂದಿನ ದಿನವೇ ಹೋಗಿದ್ದಾರೆ. ಹೋಳಿಗೆ ಬಿಸಿಬಿಸಿಯಾಗಿಯೇ ಒಯ್ಯುತ್ತೇವೆಂದು ಉಳಿದ ಇವರಿಗೆ ತಿಕೋಟಾದಲ್ಲಿ ಬಸ್ಸು ತಪ್ಪಿದೆ. ಸೀರೆಯೂ ಇವರ ಹತ್ತಿರವೇ ಇದೆ.

"ಆರತಿ ನಿಲ್ಲಿಸಿಕೊಂಡು ಕುಂತಾರಂತ ಯವ್ವಾ. ಫೋನ್ ಮ್ಯಾಲ ಫೋನ್ ಬರಾಕತ್ತಾವ" ಎಂದಳು ಮುದುಕಿ. ಅವಳ ಕಣ್ಣಲ್ಲಿ ನೀರಿತ್ತು.

"ಹತ್ರಿ, ಹತ್ರಿ" ಎಂದಳು ಚಿಗವ್ವ. ಆಮೇಲೆ ನನ್ನ ಕಡೆ ತಿರುಗಿ, "ಲೇ ತಮ್ಮಾ, ಈ ರಸ್ತ್ಯಾಗ ಮಂದಿ ನನ್ನ ಗಾಡಿ ನೋಡಿ ಕೈ ಮಾಡ್ತಾರ. ಇವತ್ತ ನಿಲ್ಲಿಸದ ಹ್ವಾದ್ರ ನಾಳಿಗೆ ಯಾರು ಮಾಡ್ತಾರ?"

"ಗಾಡೀನ ಇರೂದಿಲ್ಲ ನಾಳಿಗೆ!" ಎಂದೆ. ಅವಳು ಇಳಿದು ಬುಟ್ಟಿಯನ್ನು ಹಿಂದಿನ ಸೀಟಿಗೆ ಏರಿಸಿ, ಬಂದು ಗೇರು ಹಾಕಿದಳು. 

ಇಷ್ಟೇ ಆಗಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದಿತ್ತು. ಬಬಲೇಶ್ವರದಲ್ಲಿ ಚಿಗವ್ವ ರೂಟ್ ಶೀಟ್ ಬಿಟ್ಟು ಓಣಿಗೆ ತಿರುಗಿಸಿದಳು. ಬುಟ್ಟಿ ಹೊತ್ತು ಮುದುಕರು ಬಿಸಿಲಲ್ಲಿ ನಡೆಯಬೇಕೇ? ಮನೆಯ ಮುಂದೆ ನಿಲ್ಲಿಸಿದ್ದೇ ತಡ, ಹೆಂಗಸರ ಗುಂಪು ಹೋ ಎಂದು ಹೊರಬಂತು. ಮುದುಕರು ಇಳಿದರು, ಸೀರೆ ಇಳಿಯಿತು, ಹೋಳಿಗೆ ಇಳಿಯಿತು. ಇನ್ನು ಹೊರಡಬೇಕು, ಅಷ್ಟರಲ್ಲಿ ಮುದುಕಿಯ ಬೀಗತಿ, ಆ ಬಸುರಿಯ ಅತ್ತೆ, ಗಾಡಿಗೆ ಅಡ್ಡ ನಿಂತಳು.

"ಮುತ್ತೈದಿ ಬಾಗಿಲ ತನಕ ಬಂದು ಹಂಗಽ ಹೋಗೂದುಂಟೇನ್ರಿ?"

ನೀವೇ ಹೇಳಿ, ನಮ್ಮ ಕಡೆ ಯಾವ ಹೆಣ್ಣುಮಗಳು ಇದಕ್ಕೆ ಇಲ್ಲ ಎಂದಾಳು? ಸ್ಟಾಪ್‌ವಾಚ್ ತೋರಿಸಿ ಕುಂಕುಮ ಬೇಡ ಅನ್ನಲಾದೀತೇ?

ಚಿಗವ್ವ ಒಳಗೆ ಹೋದಳು. ನಾನು ಹೊರಗೆ ಉಗುರು ಕಚ್ಚುತ್ತಾ ನಿಂತೆ. ಒಳಗೆ ಆರತಿಯ ಹಾಡು ಶುರುವಾಯಿತು. ಮುಗಿಯಿತು. ಹೊರಬಂದವಳಿಗೆ ಉಡಿ ತುಂಬಿದ್ದರು, ಮಡಿಲ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಜಂಪರ್ ಪೀಸು. ಹಿಂದೆಯೇ ಬೀಗತಿ ಬಂದು ಗಾಡಿಯ ಬಾನೆಟ್ಟಿಗೆ ಅರಿಶಿಣ ಕುಂಕುಮ ಹಚ್ಚಿದಳು. ಹಿಂದಿನ ಸೀಟಿನ ಮೇಲೆ ಒಂದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ ಇಟ್ಟಳು. ಜೊತೆಗೆ ಹೋಳಿಗೆಯ ಗಂಟು.

ಆ ಗಂಟಿನಿಂದಲೇ ಎರಡು ಹೋಳಿಗೆ ಬೇವಿನ ಮರದ ಕೆಳಗಿನ ಅಧಿಕಾರಿಗೆ ಹೋದದ್ದು. ಆತ ತಿಂದ. ಚೆನ್ನಾಗಿದೆ ಅಂದ. ಬೆರಳು ಒರೆಸಿಕೊಂಡು ನಮ್ಮ ಹೆಸರಿನ ಮುಂದೆ ಔಟ್ ಎಂದು ಬರೆದ. (ಪ್ರಾಮಾಣಿಕ ಮನುಷ್ಯ. ನನಗಂತೂ ಸಿಟ್ಟು ಬಂತು.)

ಸ್ಟಾಪ್‌ವಾಚನ್ನು ಜೇಬಿಗೆ ಹಾಕಿ ವಿಜಯಪುರದ ದಾರಿ ಹಿಡಿದೆವು. ಗಾಡಿ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಒಂದು ಕೆಮ್ಮಿಲ್ಲ, ಒಂದು ದಮ್ಮಿಲ್ಲ. ಇಷ್ಟು ನಿಯತ್ತಿನ ಗಾಡಿಯನ್ನು ಕಳೆದುಕೊಳ್ಳಲು ಹೊರಟಿದ್ದೇವಲ್ಲ ಎಂದುಕೊಂಡೆ.

ಮೈದಾನದಲ್ಲಿ ಬಹುಮಾನ ಹಂಚಿ ಆಗಿತ್ತು. ಕಾಕಾ ಗೇಟಿನ ಹತ್ತಿರವೇ ನಿಂತಿದ್ದ. ಪಕ್ಕದಲ್ಲಿ ಸೊಲ್ಲಾಪುರದ ಸಾವಕಾರರು.

ಚಿಗವ್ವ ಇಳಿದು ಕೀಲಿಕೈ ಮುಂದೆ ಹಿಡಿದಳು. "ಸೋತೆನ್ರಿ. ಮಾತು ಮಾತಽ. ಕೊಟ್ಟುಬಿಡ್ರಿ."

"ಎಲ್ಲಿ ಹೋಗಿದ್ದಿ?"

ಅವಳು ಹೇಳಿದಳು. ಕಾಕಾ ಕೇಳುತ್ತಲೇ ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿನ ಕುಂಕುಮ ನೋಡಿದ. ಹಿಂದಿನ ಕಿಟಕಿಯಿಂದ ಬಗ್ಗಿ ಅಕ್ಕಿ, ಕಾಯಿ ನೋಡಿದ.

"ಇದಕ್ಕೂ ಉಡಿ ತುಂಬ್ಯಾರೇನು?"

"ಹೂಂ ರೀ. ತವರಮನಿ ಸೀರಿ ಹೊತ್ತು ತಂದೈತಿ, ಇದೂ ಹೆಣ್ಣುಮಗಳಽ ಅಂದ್ಲು ಬೀಗತಿ."

ಕಾಕಾ ಕಿಟಕಿಯಿಂದ ಕೈ ಹಾಕಿ, ಸೀಟಿನ ಅಂಚಿಗೆ ಉರುಳಿದ್ದ ಕಾಯಿಯನ್ನು ಒಳಗೆ ಸರಿಸಿಟ್ಟ. ಆಮೇಲೆ ಸಾವಕಾರರ ಕಡೆ ತಿರುಗಿ ಕೈ ಮುಗಿದ.

"ತಪ್ಪು ತಿಳಕೋಬ್ಯಾಡ್ರಿ ಸಾವಕಾರ್ರ. ಉಡಿ ತುಂಬಿಸಿಕೊಂಡು ಬಂದದ್ದನ್ನ ಅದಽ ದಿನ ಹೊರಗ ಕಳಸಾಕ ಬರೂದಿಲ್ರಿ."

"ಹಂಗಾದ್ರ ನಾಳೆ ಬರ್ಲೇನ್ರಿ?" ಸಾವಕಾರರು ನಗುತ್ತಲೇ ಕೇಳಿದರು.

"ನಾಳೆ ಮತ್ತ ಯಾರಿಗೆ ಬಸ್ಸು ತಪ್ಪತೈತೋ ಯಾರಿಗ್ಗೊತ್ತರಿ?" ಎಂದ ಕಾಕಾ. ಕೀಲಿಕೈ ಚಿಗವ್ವನ ಕೈಗೇ ಮರಳಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾವಕಾರರು ದೊಡ್ಡ ಮನುಷ್ಯರು, ಬೇಜಾರು ಮಾಡಿಕೊಳ್ಳಲಿಲ್ಲ. ಬಾನೆಟ್ ಮೇಲೆ ಗಂಟು ಬಿಚ್ಚಿ ಎಲ್ಲರೂ ಹೋಳಿಗೆ ತಿಂದೆವು.

ಆ ದಿನ ಗೆದ್ದದ್ದು ಬೆಣ್ಣೆ ಬಣ್ಣದ ಕಾರು. ಗೆಲ್ಲಬೇಕಾದದ್ದೇ, ಅಷ್ಟು ಚಂದ. ಅದನ್ನು ಹಾಗೆ ಕಾಪಾಡಿದವರ ಕೈಗೆ ನಾನು ನಮಸ್ಕಾರ ಹೇಳಿ ಬಂದೆ. ಅದರ ಹಿಂದಿನ ಸೀಟಿಗೆ ಧೂಳು ಕೂರದಂತೆ ಪ್ಲಾಸ್ಟಿಕ್ ಹೊದಿಸಿದ್ದರು. ಅದು ಪಾಪ, ಹಳೆಯ ಕಾರು, ನಾಜೂಕಿನದು. ಒಪ್ಪಿದೆ.

ಆದರೆ ಇವತ್ತು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದವರ ಮುಂದೆಯೇ ಹಾದು ಬಂದಿರಲ್ಲ, ನಿಮ್ಮ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಯಾರಿದ್ದರು?